ಬಡಿಸಿದವರ ಪಾಲು

ನಮ್ಮ ಡಾಕ್ಟರರು ವರ್ಷಕ್ಕೆ ಮೂರು ನಾಲ್ಕು ಜನರನ್ನು ನನ್ನ ಹತ್ತಿರ ಕಳಿಸುತ್ತಾರೆ. ಹೆಚ್ಚಿನವರು ಹುಣ್ಣಾಗಿ ಹೊಟ್ಟೆ ಕತ್ತರಿಸಿಕೊಂಡವರು. ನನ್ನ ಹಾಗೆ ತೂಕ ಇಳಿಸುವುದಕ್ಕಾಗಿ ಹೊಟ್ಟೆ ಸಣ್ಣದು ಮಾಡಿಸಿಕೊಂಡವರು ಇದುವರೆಗೆ ಇಬ್ಬರೇ ಬಂದಿದ್ದಾರೆ. ಬಂದವರು ನಮ್ಮ ಹೊಸಪೇಟೆಯ ಮನೆಯ ಮುಂಗೋಣೆಯಲ್ಲಿ ಕೂತು, ಡಾಕ್ಟರರನ್ನು ಕೇಳಲಾಗದ ಪ್ರಶ್ನೆಗಳನ್ನು ಕೇಳುತ್ತಾರೆ. ಮದುವೆ ಊಟಕ್ಕೆ ಕರೆದರೆ ಏನು ಮಾಡುತ್ತೀರಿ? ಕೂದಲು ಮತ್ತೆ ಬರುತ್ತದೆಯೆ? ಎಲ್ಲರ ಮುಂದೆ ವಾಂತಿಯಾದರೆ?

ಹೇಳಿದ್ದನ್ನೇ ಹೇಳುವ ಬದಲು ಒಮ್ಮೆ ಬರೆದಿಡುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳುತ್ತೇನೆ. ಇಂಥ ಬರಹಗಳ ಕೊನೆಯಲ್ಲಿ ಮನೆಯವರೆಲ್ಲ ಅರ್ಥ ಮಾಡಿಕೊಂಡರು, ನಾನೂ ಎಲ್ಲರನ್ನೂ ಕ್ಷಮಿಸಿದೆ ಎಂದು ಇರುತ್ತದೆ. ನಾನು ಕ್ಷಮಿಸಿಲ್ಲ. ಕ್ಷಮಿಸದೆಯೂ ಗುಣವಾಗಬಹುದು ಎಂಬುದು ಕೆಲವರಿಗಾದರೂ ತಿಳಿದಿರಲಿ.

ನಮ್ಮ ದೊಡ್ಡಪ್ಪನದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಅಜ್ಜ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಬೆಳೆದವರು. ಕಾಲುವೆ ಬಂದು ಭತ್ತ ಬೆಳೆದ ಮೇಲೆ ಎರಡು ಹೊತ್ತೂ ಅನ್ನ, ಅದರ ಮೇಲೆ ತುಪ್ಪ. ಅಪ್ಪ ಹೊಸಪೇಟೆಯಲ್ಲಿ ಅಕ್ಕಿ ಅಂಗಡಿ ನೋಡಿಕೊಳ್ಳುತ್ತಿದ್ದುದರಿಂದ ನಾವು ಇಲ್ಲಿದ್ದೆವು. ಆದರೆ ಹಬ್ಬ ಹುಣ್ಣಿಮೆ, ಭಾನುವಾರ, ರಜೆಗಳೆಲ್ಲ ಕಂಪ್ಲಿಯಲ್ಲೇ ಕಳೆಯುತ್ತಿದ್ದವು. ಆ ಮನೆಯ ಅಡಿಗೆಮನೆ ದೊಡ್ಡಮ್ಮನ ಕೈಯಲ್ಲಿತ್ತು. ಅಲ್ಲಿ ಎರಡು ನಿಯಮಗಳಿದ್ದವು. ಬಡಿಸುವವರು ದೊಡ್ಡಮ್ಮ ಒಬ್ಬರೇ. ತಟ್ಟೆಗೆ ಬಿದ್ದದ್ದು ಪ್ರಸಾದ. ಒಂದು ಅಗುಳೂ ಬಿಡಬಾರದು. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯಬೇಕು.

ಇದು ನಮ್ಮ ವೀರಶೈವ ಮನೆಗಳ ಹಳೆಯ ಪದ್ಧತಿ. ಪದ್ಧತಿಯ ಮೇಲೆ ನನಗೆ ತಕರಾರಿಲ್ಲ. ಅಜ್ಜನೂ ತಟ್ಟೆ ತೊಳೆದು ಕುಡಿಯುತ್ತಿದ್ದರು. ಆದರೆ ಅವರು ತಮಗೆ ಎಷ್ಟು ಬೇಕೋ ಅಷ್ಟನ್ನೇ ಹಾಕಿಸಿಕೊಳ್ಳುತ್ತಿದ್ದರು. ದೊಡ್ಡಮ್ಮನ ಪಂಕ್ತಿಯಲ್ಲಿ ಎಷ್ಟು ಬೇಕು ಎಂಬುದನ್ನು ಸೌಟು ತೀರ್ಮಾನಿಸುತ್ತಿತ್ತು. ಸಾಕು ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ಬಿಸಿ ತುಪ್ಪ ಕೈಯ ಮೇಲೇ ಬೀಳುತ್ತಿತ್ತು. ಆರು ವರ್ಷದವಳಿದ್ದಾಗಿನಿಂದ ನಾನು ಆ ತಟ್ಟೆಗಳನ್ನು ಬರಿದು ಮಾಡಿದ್ದೇನೆ. ಇಪ್ಪತ್ತಾರನೆಯ ವಯಸ್ಸಿಗೆ, ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಹೊಸಪೇಟೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ, ನನಗೆ ಸಕ್ಕರೆ ಕಾಯಿಲೆ ಇತ್ತು. ಎರಡನೆಯ ಮಹಡಿಯ ತರಗತಿಗೆ ಹತ್ತಬೇಕಾದರೆ ನಡುವೆ ಎರಡು ಸಲ ನಿಲ್ಲುತ್ತಿದ್ದೆ. ಮಲಗಿದಾಗ ನನ್ನ ಉಸಿರು ನಿಂತು ನಿಂತು ಬರುತ್ತದೆ ಎಂದು ಅವ್ವ ಹೇಳುತ್ತಿದ್ದಳು.

ದೊಡ್ಡಮ್ಮ ನನಗೊಂದು ಹೆಸರಿಟ್ಟಿದ್ದರು, ‘ಗೋದಾಮು’. ತಿನ್ನಿಸುವ ಕೈಯೂ ಅವರದೇ, ನಗುವ ಬಾಯಿಯೂ ಅವರದೇ.

ಆ ವರ್ಷ ನನ್ನನ್ನು ನೋಡಲು ಗಂಡಿನವರು ಬರುವವರಿದ್ದರು. ದೊಡ್ಡಮ್ಮ ನನ್ನನ್ನು ಗಿರಣಿಯ ಅಂಗಳಕ್ಕೆ ಕರೆದರು. ಹೊರಗೆ ಚೀಲ ತೂಗುವ ಕಾಟಾ ಇತ್ತು. ಹತ್ತು ಹನ್ನೆರಡು ಹಮಾಲರು ಕೆಲಸ ಮಾಡುತ್ತಿದ್ದರು.

“ಹತ್ತು ಮ್ಯಾಲೆ” ಎಂದರು.

“ಯಾಕ್ರಿ ದೊಡ್ಡಮ್ಮ?”

“ಯಾಕಂದ್ರ? ಬರೂ ತಿಂಗಳ ಬೀಗರು ಬರತಾರ. ಎಷ್ಟ ಇಳಸಬೇಕು ಅಂತ ಗೊತ್ತಾಗಬ್ಯಾಡೇನು? ಹತ್ತು, ನಾಚಿಕಿ ಯಾಕ? ಇಲ್ಲಿರೋರೆಲ್ಲ ಮನಿಯಾರ.”

ನಾನು ಹತ್ತಿದೆ. ಅವರ ಮಾತಿಗೆ ಎದುರಾಡಿ ನನಗೆ ರೂಢಿಯಿರಲಿಲ್ಲ. ನಮ್ಮಲ್ಲಿ ಚೀಲ ಎಣಿಸುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ತೂಗುವವನು ಪಾಪ, ಇಡೀ ದಿನ ಅದನ್ನೇ ಕೂಗಿದವನು, ಬಾಯಿ ತಪ್ಪಿ “ಲಾಭ!” ಎಂದು ಕೂಗಿ, ಹಿಂದೆಯೇ ನೂರಾ ಹದಿನಾಲ್ಕು ಕೇಜಿ ಎಂದ. ಅಂಗಳವೆಲ್ಲ ನಕ್ಕಿತು. ತೂಗಿದವನು ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಿದ. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಅದೇ ದಿನ ಮಧ್ಯಾಹ್ನ ನನ್ನ ತಟ್ಟೆಗೆ ಮೂರನೆಯ ಸಲ ಅನ್ನ ಹಾಕಿದರು.

ಶಸ್ತ್ರಚಿಕಿತ್ಸೆಯ ವಿಷಯ ಹೇಳಿದವರು ನಮ್ಮ ಹೊಸಪೇಟೆಯ ಡಾಕ್ಟರರು. ಅವರ ಸಹಪಾಠಿಯೊಬ್ಬರು ಹೊರದೇಶದಲ್ಲಿ ಕಲಿತು ಬಂದು ಮದ್ರಾಸಿನಲ್ಲಿ ಇಂಥದನ್ನು ಮಾಡುತ್ತಿದ್ದರು. ಹೊಟ್ಟೆಯ ಮೇಲುಭಾಗವನ್ನು ಲೋಹದ ಪಿನ್ನುಗಳಿಂದ ಹೊಲಿದು ಒಂದು ಪುಟ್ಟ ಚೀಲದಷ್ಟು ಮಾಡುತ್ತಾರೆ, ಅದರ ಬಾಯಿಗೆ ಹಿಗ್ಗದ ಹಾಗೆ ಒಂದು ಪಟ್ಟಿ ಕಟ್ಟುತ್ತಾರೆ ಎಂದು ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಉಸಿರಿಗಾಗಿ, ಸಕ್ಕರೆಗಾಗಿ ಎಂದರು. ಅದು ನಿಜ. ಆದರೆ ನಾನು ಹೂಂ ಎಂದದ್ದು ಗಿರಣಿಯ ಅಂಗಳದ ಆ ನಗುವಿಗಾಗಿ.

ಅಪ್ಪ ಎರಡು ದಿನ ಅಂಗಡಿಯಿಂದ ತಡವಾಗಿ ಬಂದರು. ಮೂರನೆಯ ದಿನ ಕೇಳಿದ್ದು ಇಷ್ಟೇ: “ನೋಯತೈತೇನು?” ಗೊತ್ತಿಲ್ಲ ಎಂದೆ. ಅವ್ವ ನನ್ನ ಜೊತೆ ಬಂದಳು. ಕಂಪ್ಲಿಯವರಿಗೂ, ನೋಡಲು ಬರುವವರಿದ್ದ ಗಂಡಿನವರಿಗೂ ಹೊಟ್ಟೆಯಲ್ಲಿ ಗಂಟು ಇದೆ, ತೆಗೆಸಲು ಹೋಗುತ್ತಿದ್ದೇವೆ ಎಂದು ಹೇಳಿದೆವು. ಇದು ನಾನು ಮಾಡಿದ ಮೊದಲ ತಪ್ಪು. ನಿಮಗೆ ಸಾಧ್ಯವಿದ್ದರೆ ನಿಜ ಹೇಳಿ. ಇಲ್ಲವಾದರೆ ಏನನ್ನೂ ಹೇಳಬೇಡಿ. ಅರ್ಧ ಸುಳ್ಳು ಹೇಳಿದರೆ ಉಳಿದರ್ಧವನ್ನು ಬೇರೆಯವರು ತುಂಬಿಕೊಳ್ಳುತ್ತಾರೆ.

ಮದ್ರಾಸಿನ ಆಸ್ಪತ್ರೆಯಲ್ಲಿ ಕಾಯುವ ಕೋಣೆಯ ಕುರ್ಚಿಗಳಿಗೆ ಎರಡೂ ಕಡೆ ತೋಳುಗಳಿದ್ದವು. ನಾನು ಅವುಗಳಲ್ಲಿ ಹಿಡಿಸುತ್ತಿರಲಿಲ್ಲ. ಗೋಡೆಗೆ ಒರಗಿ ನಿಂತೆ. ಕೂರಿ ಎಂದವರಿಗೆಲ್ಲ ನಿಲ್ಲುವುದೇ ಇಷ್ಟ ಎಂದು ಕೈಸನ್ನೆ ಮಾಡಿದೆ. ಸುಮಾರು ಹೊತ್ತಾದ ಮೇಲೆ ವಯಸ್ಸಾದ ಒಬ್ಬ ನರ್ಸ್ ಒಳಗಿನಿಂದ ಮರದ ಬೆಂಚೊಂದನ್ನು ಎಳೆದುಕೊಂಡು ಬಂದು ನನ್ನ ಪಕ್ಕದಲ್ಲಿಟ್ಟು ಹೋದರು. ನನ್ನ ಮುಖವನ್ನೂ ನೋಡಲಿಲ್ಲ. ಅವರಿಗೆ ಕನ್ನಡ ಬರುತ್ತಿರಲಿಲ್ಲ, ನನಗೆ ತಮಿಳು ಬರುತ್ತಿರಲಿಲ್ಲ. ಅಲ್ಲಿದ್ದ ಹನ್ನೆರಡು ದಿನದಲ್ಲಿ ನನಗೆ ಸಿಕ್ಕ ದಯೆಗಳಲ್ಲಿ ಇಂದಿಗೂ ಅದನ್ನೇ ಮೊದಲು ನೆನೆಯುತ್ತೇನೆ.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಕೊರಳಿನ ಲಿಂಗ ತೆಗೆಯಬೇಕು ಎಂದರು. ನಮ್ಮಲ್ಲಿ ಅದು ಮೈ ಬಿಟ್ಟು ಹೋಗುವಂತಿಲ್ಲ. ನಾನು ಅವ್ವನ ಕಡೆ ನೋಡಿದೆ. ಅವಳು ಬಿಚ್ಚಿ, ತನ್ನ ಲಿಂಗದ ಜೊತೆ ಸೇರಿಸಿ ಎಡಗೈಯಲ್ಲಿ ಹಿಡಿದುಕೊಂಡಳು.

“ಅವ್ವನ ಮೈಯಾಗಿಂದ ಬಂದಾಕಿ ಅಲ್ಲೇನು ನೀನು? ನನ್ನ ಮೈ ಮ್ಯಾಲೆ ಇದ್ರ ನಿನ್ನ ಮೈ ಮ್ಯಾಲೆ ಇದ್ದಂಗ. ಹೋಗಿ ಬಾ.”

ನಾಲ್ಕು ತಾಸು ಆ ಮುಷ್ಟಿ ಬಿಡಿಸಲಿಲ್ಲವಂತೆ. ನನಗೆ ಎಚ್ಚರವಾದಾಗ ಅವಳ ಅಂಗೈಯಲ್ಲಿ ಎರಡು ಗುಂಡನೆಯ ಗುರುತು ಮೂಡಿದ್ದವು. ಮದ್ದು ಕೊಟ್ಟು ಮಲಗಿಸುವಾಗ ಎಲ್ಲರೂ ದೇವರನ್ನು ನೆನೆಯುತ್ತಾರೆ ಎಂದು ಕೇಳಿದ್ದೆ. ನಾನು ನೆನೆದದ್ದು ದೊಡ್ಡಮ್ಮನ ಮುಖವನ್ನು. ಬದುಕಿ ಬರುತ್ತೇನೆ, ಬಂದು ತೋರಿಸುತ್ತೇನೆ ಎಂದುಕೊಂಡೆ. ಏನನ್ನು ತೋರಿಸಬೇಕು ಎಂಬುದು ಆಗ ನನಗೇ ತಿಳಿದಿರಲಿಲ್ಲ.

ಮೊದಲ ತಿಂಗಳು ನೀರಿನಂಥ ಗಂಜಿ. ಎರಡನೆಯ ತಿಂಗಳು ಮಿದ್ದಿದ ಅನ್ನ. ಹೊರಡುವಾಗ ಮದ್ರಾಸಿನ ಡಾಕ್ಟರರು ಮೂರು ಮಾತು ಹೇಳಿದ್ದರು: ಉಣ್ಣುವಾಗ ನೀರು ಕುಡಿಯಬೇಡ, ನುಣ್ಣಗಾಗುವವರೆಗೆ ಅಗಿ, ಎದೆಯ ಕೆಳಗೆ ಒತ್ತಿದ ಹಾಗೆ ಆದ ಕ್ಷಣ ನಿಲ್ಲಿಸು. ಮೂರನ್ನೂ ನಿಷ್ಠೆಯಿಂದ ಪಾಲಿಸಿದೆ. ತೂಕ ಇಳಿಯಿತು. ಕೂದಲು ಹಿಡಿಹಿಡಿಯಾಗಿ ಬಾಚಣಿಗೆಗೆ ಬಂತು. ಒಂದು ದಿನ ಆಟೋದಲ್ಲಿ ನನ್ನ ಪಕ್ಕ ಇನ್ನಿಬ್ಬರು ಹೆಂಗಸರು ಹತ್ತಿ ಕೂತರು, ಯಾರೂ ಗೊಣಗಲಿಲ್ಲ. ಇಳಿದ ಮೇಲೆ ನಾನು ಅಲ್ಲೇ ರಸ್ತೆಬದಿಯಲ್ಲಿ ನಿಂತುಬಿಟ್ಟೆ.

ನಾಲ್ಕನೆಯ ತಿಂಗಳಿಗೆ ಶ್ರಾವಣ ಬಂತು. ಕಂಪ್ಲಿಯಲ್ಲಿ ಸೋಮವಾರದ ಊಟ. ಹೋಗದಿರಬಹುದಾಗಿತ್ತು. ಆದರೆ ನನ್ನ ಸೀರೆಯ ನೆರಿಗೆಗಳು ಹೆಚ್ಚಾಗಿದ್ದವು. ಅದನ್ನು ಆ ಅಂಗಳದಲ್ಲಿ ತೋರಿಸಬೇಕಿತ್ತು.

ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಚಲೋ ಇಳದೀಯಲ್ಲ! ಗಂಟು ತೆಗಸಿದ್ರ ಇಷ್ಟ ಇಳೀತಾರ? ಊರಾಗಿನ ಮಂದಿ ಕೇಳಾಕತ್ತಾರ, ಕನ್ಯಾ ಹುಡುಗಿ ಹೊಟ್ಟಿ ಕೊಯ್ಸಾಕ ಅಷ್ಟ ದೂರ ಯಾಕ ಹೋಗಿತ್ತು ಅಂತ. ನಾನು ಏನ ಹೇಳಬೇಕು ಅವರಿಗೆ?”

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನ ಮುಖ ಬಿಳಿಚಿಕೊಂಡಿತು. ಗಿರಣಿಯ ನಗು ಇದರ ಮುಂದೆ ಏನೂ ಅಲ್ಲ. ಬಸಿರು ತೆಗೆಸಿದಳೆಂಬ ಈ ಮಾತು ಒಮ್ಮೆ ಊರು ಸೇರಿದರೆ ಕಾಲೇಜಿಗೂ ಬರುತ್ತದೆ, ಮಕ್ಕಳ ಬಾಯಿಗೂ ಬರುತ್ತದೆ.

ಆಗ ನಾನು ನಮ್ಮ ಮನೆತನದವರು ಮಾತ್ರ ಮಾಡಬಹುದಾದ ತಪ್ಪನ್ನು ಮಾಡಿದೆ. ನನಗೇನೂ ಆಗಿಲ್ಲ ಎಂದು ತೋರಿಸಬೇಕಿತ್ತು. ಆ ಮನೆಯಲ್ಲಿ ಒಬ್ಬರಿಗೆ ಏನೂ ಆಗಿಲ್ಲ ಎನ್ನುವುದಕ್ಕೆ ಇರುವ ಪುರಾವೆ ಒಂದೇ, ಬರಿದಾದ ತಟ್ಟೆ. ದೊಡ್ಡಮ್ಮ ಎರಡು ಕಡಬು ಹಾಕಿದರು, ಅನ್ನ ಹಾಕಿದರು, ತುಪ್ಪ ಸುರಿದರು. ನಾನು ಅವರ ಕಣ್ಣು ನೋಡುತ್ತ ಉಂಡೆ. ಮೂರನೆಯ ತುತ್ತಿಗೇ ಎದೆಯ ಕೆಳಗೆ ಒತ್ತಿತು. ನಿಲ್ಲಿಸಲಿಲ್ಲ. ತಟ್ಟೆಗೆ ನೀರು ಹಾಕಿದೆ, ತೊಳೆದೆ, ಕುಡಿದೆ. ಡಾಕ್ಟರರು ಬೇಡವೆಂದಿದ್ದೆಲ್ಲವನ್ನೂ ಒಟ್ಟಿಗೇ ಮಾಡಿದೆ.

ಹಿತ್ತಲಿನ ನುಗ್ಗೆಮರದ ಹತ್ತಿರ ಹೋಗುವಷ್ಟರಲ್ಲಿ ಎದೆ ಒಡೆಯುವಂಥ ನೋವು ಬಂತು. ವಾಂತಿಯಾಗಲಿಲ್ಲ, ಬರಿಯ ನೊರೆ ಬಂತು. ಎಂಜಲು ನುಂಗಿದರೂ ಹೊರಗೆ ಬರುತ್ತಿತ್ತು. ಹುಬ್ಬಳ್ಳಿಗೆ ಒಯ್ದರು. ಅಲ್ಲಿ ಗಂಟಲಿಗೆ ಕೊಳವೆ ಇಳಿಸಿ, ಹೊಟ್ಟೆಯ ಬಾಯಿಗೆ ಸಿಕ್ಕಿಕೊಂಡಿದ್ದ ಕಡಬಿನ ಚೂರುಗಳನ್ನು ಒಂದೊಂದಾಗಿ ತೆಗೆದರು. ಮದ್ರಾಸಿನ ಡಾಕ್ಟರರು ಕಾಗದ ಬರೆದರು. ಈ ಸಲ ಹೊಲಿಗೆ ತಡೆದಿದೆ, ಇನ್ನೊಮ್ಮೆ ಹೀಗಾದರೆ ಬಿಚ್ಚಿಕೊಳ್ಳಬಹುದು, ಬಿಚ್ಚಿಕೊಂಡರೆ ಉಳಿಸಿಕೊಳ್ಳುವುದು ಕಷ್ಟ ಎಂದು ಅದರಲ್ಲಿತ್ತು. ಆ ಕಾಗದವನ್ನು ಅಪ್ಪ ಓದಿ, ಮಡಿಸಿ, ತನ್ನ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ನನ್ನ ಮುಂದಿದ್ದ ಪ್ರಶ್ನೆ ಈಗ ಸ್ಪಷ್ಟವಾಗಿತ್ತು. ಆ ಮನೆಯಲ್ಲಿ ಇನ್ನೊಂದು ತಟ್ಟೆಯನ್ನು ಬರಿದು ಮಾಡಿದರೆ ಸಾಯಬಹುದು. ಬರಿದು ಮಾಡದಿದ್ದರೆ ಆ ಮಾತು ನಿಜವೆಂದು ಒಪ್ಪಿಕೊಂಡ ಹಾಗೆ.

ಆ ಪೆಟ್ಟಿನ ನಂತರ ಏನು ತಿಂದರೂ ವಾಂತಿಯಾಗತೊಡಗಿತು. ಹದಿನೈದು ದಿನಕ್ಕೊಮ್ಮೆ ಶಕ್ತಿಯ ಸೂಜಿಗೆ ಡಾಕ್ಟರರಲ್ಲಿಗೆ ಹೋಗಬೇಕಿತ್ತು. ಅದು ಕೆಂಪು ಬಣ್ಣದ ಮದ್ದು. ಅಲ್ಲಿಯ ಬೆಂಚಿನ ಮೇಲೆ ಒಂದು ದಿನ ಅರವತ್ತರ ಸುಮಾರಿನ, ಕಡ್ಡಿಯಂಥ ಹೆಂಗಸು ನನ್ನ ಪಕ್ಕ ಸರಿದು ಕೂತರು.

“ನಿಂದೂ ಹೊಟ್ಟಿ ಕೊಯ್ದಾರೇನವ್ವ?”

ನಾನು ಬೆಚ್ಚಿದೆ. “ಹೆಂಗ ಗೊತ್ತಾತ್ರಿ?”

“ಕುಂತಿದ್ದು ನೋಡಿದ್ರ ತಿಳೀತೈತಿ. ಕೊಯ್ಸಿಕೊಂಡಾರು ಹಿಂಗ ಒಂದ ಕೈ ಹೊಟ್ಟಿ ಮ್ಯಾಲೆ ಇಟಗೊಂಡ ಕುಂದ್ರತಾರ, ಯಾರರ ಕದ್ದುಕೊಂಡ ಹೋಗತಾರೇನೋ ಅನ್ನೂ ಹಂಗ.”

ದುರುಗಮ್ಮನ ಪರಿಚಯವಾದದ್ದು ಹೀಗೆ. ವಯಸ್ಸಿನಲ್ಲಿದ್ದಾಗ ಸಂಡೂರಿನ ಗಣಿಯಲ್ಲಿ ಅದಿರು ಒಡೆದವರು. ಹಸಿವೆಗೆ ಖಾರ ಮೆಣಸಿನಕಾಯಿ, ರೊಟ್ಟಿ ಕಚ್ಚಿ ಕಚ್ಚಿ ಹುಣ್ಣಾಗಿ, ಹೊಟ್ಟೆಯ ಮುಕ್ಕಾಲು ಭಾಗ ಹೋಗಿತ್ತು. ಈಗ ಇಲ್ಲೇ ಚಿತ್ತವಾಡ್ಗಿಯಲ್ಲಿ ಮನೆಯ ಮುಂದೆ ಮಂಡಕ್ಕಿ ಮಾರುತ್ತಿದ್ದರು. “ಒಂದ ಹಿಡಿ ತಿಂದ್ರ ಸಾಕಲ್ಲವ್ವ ನನಗ. ಮಂಡಕ್ಕಿ ಮಾರಾಕ ನನ್ನಂಥಾಕಿನ ಬೇಕು, ಅಂಗಡಿ ಉಳೀತೈತಿ!” ಎಂದು ತಾವೇ ನಗುತ್ತಿದ್ದರು. ನನ್ನದು ತೂಕಕ್ಕಾಗಿ ಮಾಡಿಸಿದ್ದು ಎಂದು ಕೇಳಿ ಅವರು ಹೊಟ್ಟೆಯ ಮೇಲಿದ್ದ ನನ್ನ ಕೈಯನ್ನು ನೋಡಿದರು. ಆಮೇಲೆ, “ನಂದು ಇಲ್ಲದ್ದಕ್ಕ ಹೋತು, ನಿಂದು ಇದ್ದದ್ದಕ್ಕ ಹೋತು. ಉಣ್ಣೂದು ಮಾತ್ರ ಇಬ್ಬರೂ ಹೊಸದಾಗಿ ಕಲೀಬೇಕು ನೋಡು” ಎಂದರು.

ನಾನು ಓದಿದ ಪುಸ್ತಕಗಳಲ್ಲಿ ಇರದಿದ್ದುದನ್ನು ಆ ಬೆಂಚಿನ ಮೇಲೆ ಕಲಿತೆ. ಬಂದವರಿಗೆ ನಾನು ಹೇಳುವುದೆಲ್ಲ ದುರುಗಮ್ಮನದೇ. ಊಟಕ್ಕೆ ಅರ್ಧ ತಾಸು ಮೊದಲು ನೀರು ಕುಡಿದು ಲೋಟವನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಹತ್ತಿರ ಇದ್ದರೆ ಕೈ ಹೋಗುತ್ತದೆ. “ಹೊಟ್ಟ್ಯಾಗಿನ ಬೀಸೂಕಲ್ಲು ಹೋತು ಅಂತ ತಿಳಕೊ. ಇನ್ನ ಬಾಯಾಗ ಬೀಸು.” ಮೆತ್ತಗಿನ ಅನ್ನ ಒಳಗೆ ಹೋಗಿ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಒಣಗಿಸಿದ ಜೋಳದ ಕಟಕ್ ರೊಟ್ಟಿಯನ್ನು ಹಿಟ್ಟಾಗುವವರೆಗೆ ಅಗಿದರೆ ಇಳಿಯುತ್ತದೆ. ಅಕ್ಕಿ ಗಿರಣಿ ಮನೆಯ ಮಗಳಿಗೆ ಕೊನೆಗೆ ಹಿಡಿಸಿದ್ದು ಅಜ್ಜನ ಜೋಳವೇ. ಸಿಹಿ ತಿಂದು ಎದೆ ಹೊಡೆದುಕೊಂಡು ಬೆವರು ಬಂದರೆ ಹೆದರಬೇಡಿ, ಮಲಗಿ. ಇನ್ನೊಂದೇ ತುತ್ತು ಎಂದು ಮನಸ್ಸು ಕೇಳುತ್ತದಲ್ಲ, ಆ ತುತ್ತನ್ನೇ ಬಿಡಬೇಕು. ಎಲ್ಲರಿಗೂ ಇದೇ ಸರಿಹೋಗುತ್ತದೆ ಎನ್ನಲಾರೆ, ನನಗೆ ಸರಿಹೋಯಿತು.

ಇಷ್ಟಾದರೂ ವಾಂತಿ ಪೂರ್ತಿ ನಿಲ್ಲಲಿಲ್ಲ. ದುರುಗಮ್ಮ ನನ್ನನ್ನು ಒಂದು ದಿನ ಸರಿಯಾಗಿ ನೋಡಿ ಕೇಳಿದರು: “ಉಣ್ಣೂ ಮುಂದ ಯಾರನ್ನ ನೆನಸತಿ ನೀನು?”

ನಾನು ಯಾರ ಮುಂದೆಯೂ ಮನೆಯ ಮಾತು ಆಡುವವಳಲ್ಲ. ಅಂದು ಆಡಿದೆ. ಕಾಟಾ, ಕಡಬು, ಊರಿಗೆ ಬಿಟ್ಟ ಮಾತು, ಎಲ್ಲ ಹೇಳಿದೆ. ಆ ತಿಂಗಳುಗಳಲ್ಲಿ ನಾನು ದೊಡ್ಡಮ್ಮನಿಗೆ ಏನೇನು ಬಯಸುತ್ತಿದ್ದೆ ಎಂಬುದನ್ನೂ ಹೇಳಿದೆ. ಅವರ ಗಂಟಲಿಗೂ ಒಂದು ಕೊಳವೆ ಇಳಿಯಲಿ. ಅವರೂ ತಮ್ಮ ಎಂಜಲು ನುಂಗಲಾರದೆ ಬಟ್ಟಲಿಗೆ ಉಗುಳುತ್ತ ಕೂರಲಿ. ಪ್ರಯೋಗಶಾಲೆಯಲ್ಲಿ ಅಳತೆ ತೆಗೆದುಕೊಳ್ಳುವಾಗ ಕೂಡ ನಾನು ಇದನ್ನೇ ಅಷ್ಟೇ ನಿಖರವಾಗಿ ಯೋಚಿಸುತ್ತಿದ್ದೆ. ಬರೆಯಲು ನನಗೆ ನಾಚಿಕೆಯಿಲ್ಲ; ನಿಮಗೂ ಇಂಥ ಯೋಚನೆ ಬಂದರೆ ನೀವೊಬ್ಬರೇ ಅಲ್ಲ.

“ಸಿಟ್ಟು ಅನ್ನಕ್ಕಿಂತ ದಪ್ಪ ಇರತೈತವ್ವ” ಎಂದರು ದುರುಗಮ್ಮ. “ಅದು ಮೊದಲ ಹೋಗಿ ಕುಂತ್ರ ಅನ್ನಕ್ಕ ಜಾಗ ಎಲ್ಲೈತಿ? ಅದಕ್ಕ ವಾಂತಿ ಆಗತೈತಿ ನಿನಗ.”

“ಹಂಗಾದ್ರ ಬಿಟ್ಟುಬಿಡಬೇಕೇನ್ರಿ?”

“ಬಿಡು ಅಂತ ಯಾವಾಕಿ ಹೇಳಿದ್ಲು? ನನಗ ಈಗೂ ಬಿಡಾಕ ಬಂದಿಲ್ಲ. ಗಣಿ ಮೇಸ್ತ್ರಿ ಸತ್ತ ದಿನ ನಾನು ಪಾಯಸ ಮಾಡೀನಿ. ಎಲ್ಡ ಚಮಚ ತಿಂದೆ, ಹೊಟ್ಟ್ಯಾಗ ಮಸ್ತ್ ಕುಂತ್ಕೊಂತು.” ಅವರ ಸೂಜಿಯ ಸರದಿ ಬಂತು, ಏಳುತ್ತ ಹೇಳಿದರು: “ನಿನ್ನ ಪಾಲು ಎಷ್ಟೋ ಅಷ್ಟ ನಿಂದು. ಬ್ಯಾರೆದವರು ಸುರುವಿದ್ದು ಅವರ ಪಾಲು. ಅವರಿಗೇ ಕೊಟ್ಟುಬಿಡು.”

ಮರುವರ್ಷ ದೊಡ್ಡಮ್ಮನ ಮಗಳಿಗೆ ಏಳು ತಿಂಗಳು. ಕಂಪ್ಲಿಯಲ್ಲಿ ಕುಬುಸದ ಕಾರ್ಯ, ಅಂದರೆ ಸೀಮಂತ. ಅವ್ವ ಬೇಡವೆಂದಳು. ನಾನು ಹೋಗುತ್ತೇನೆ ಎಂದೆ. ಕೈಚೀಲದಲ್ಲಿ ನನ್ನ ಸಣ್ಣ ಬಟ್ಟಲು ಇಟ್ಟುಕೊಂಡೆ. ಬೆಳಿಗ್ಗೆ ಹೊರಡುವ ಮುನ್ನ ಅಪ್ಪ ಆ ಡಾಕ್ಟರರ ಕಾಗದವನ್ನು ಜೇಬಿನಿಂದ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಮೇಜಿನ ಮೇಲೆ ಬಿಟ್ಟು ಹೋದೆ. ಕಾಗದ ತೋರಿಸಿ ಅನುಕಂಪ ಕೇಳುವ ಮನಸ್ಸಿರಲಿಲ್ಲ.

ಹೆಂಗಸರ ಪಂಕ್ತಿ ಕೂತಿತು. ಪ್ರತಿಯೊಬ್ಬರ ಮುಂದೆ ಅಡ್ಡಣಿಗೆ, ಅದರ ಮೇಲೆ ತಟ್ಟೆ. ನನ್ನ ಎದುರಿಗೆ ಗಂಗಾವತಿಯ ಬೀಗತಿ, ಅಂದರೆ ದೊಡ್ಡಮ್ಮನ ಮಗಳ ಅತ್ತೆ, ತಮ್ಮ ಕಡೆಯ ಹೆಂಗಸರೊಂದಿಗೆ ಕೂತಿದ್ದರು. ನಾನು ಮನೆಯಿಂದ ತಂದಿದ್ದ ಎರಡು ಚಮಚ ಮೊಸರನ್ನವನ್ನು ಬಟ್ಟಲಿಗೆ ಹಾಕಿಕೊಂಡು ಬೆರಳಿನಿಂದ ಮಿದ್ದುತ್ತಿದ್ದೆ. ದೊಡ್ಡಮ್ಮ ಗೋಧಿಹುಗ್ಗಿಯ ಪಾತ್ರೆ ಹಿಡಿದು ಬಂದರು.

“ಏನವಾ ಇದು, ಕೂಸಿಗೆ ಉಣಸೂ ಬಟ್ಲ ತಂದಿ? ಕುಬುಸ ನನ್ನ ಮಗಳದು, ನಿಂದಲ್ಲ!”

ಕೆಲವರು ನಕ್ಕರು. ನಗದವರು ನನ್ನ ಹೊಟ್ಟೆಯನ್ನು ನೋಡಿದರು. ಮಾತು ಗಂಗಾವತಿಯವರೆಗೂ ಹೋಗಿದೆ ಎಂದು ತಿಳಿಯಿತು.

“ಸಾಕ್ರಿ ದೊಡ್ಡಮ್ಮ” ಎಂದೆ. ಅವರು ಒಂದು ಸೌಟು ಹಾಕಿದರು. “ಸಾಕ್ರಿ” ಎಂದೆ. ಇನ್ನೊಂದು. ಮೂರನೆಯ ಸಲ ಎಲ್ಲರಿಗೂ ಕೇಳುವಂತೆ, “ಸಾಕು ಅಂದೆನ್ರಿ” ಎಂದೆ. ಅವರು ಅನ್ನವನ್ನೂ ಹಾಕಿ ಮೇಲೆ ತುಪ್ಪ ಸುರಿದರು.

“ಹೋದ ವರ್ಷ ನನ್ನ ಕೈ ಕಡಬು ಉಂಡು ದವಾಖಾನಿ ಸೇರಿ ನನ್ನ ಹೆಸರ ಕೆಡಸಿದಿ. ಇವತ್ತ ಬೀಗರ ಮುಂದ ಉಂಡ ತೋರಸು. ಇಲ್ಲಾಂದ್ರ ಮದ್ರಾಸಿನಾಗ ಏನ ತೆಗಸಿ ಬಂದಿ ಅಂತ ಇವತ್ತರ ಬಾಯಿ ಬಿಡು.”

“ಏನೂ ತೆಗಸಿಲ್ರಿ.” ನನ್ನ ಧ್ವನಿ ತರಗತಿಯಲ್ಲಿ ಇರುವ ಹಾಗೆಯೇ ಇತ್ತು. “ಹೊಟ್ಟಿ ಹೊಲಿಸಿ ಸಣ್ಣದು ಮಾಡಿಸ್ಕೊಂಡ ಬಂದೀನಿ. ಇಷ್ಟ ಹಿಡೀತೈತಿ.” ಬಟ್ಟಲು ಎತ್ತಿ ತೋರಿಸಿದೆ. “ಯಾಕ ಮಾಡಿಸಿದೆ ಅಂತನೂ ಹೇಳತೀನಿ. ನೀವು ಸುರುವಿದ್ದನ್ನ ಉಂಡು ಉಂಡು ನೂರಾ ಹದಿನಾಲ್ಕು ಕೇಜಿ ಆಗಿದ್ದೆ. ತೂಕ ನಿಮಗೂ ಗೊತ್ತೈತಿ, ಹಮಾಲರ ಮುಂದ ನೀವ ತೂಗಿಸಿದ್ರಿ. ಉಸಿರು ನಿಲ್ಲಾಕತ್ತಿತ್ತು. ಹೋದ ವರ್ಷ ನಿಮ್ಮ ತಟ್ಟಿ ಬರಿದು ಮಾಡಿದ್ದಕ್ಕ ಸಾಯಬೇಕಾಗಿತ್ತು. ಅನುಮಾನ ಇದ್ದಾರು ಒಳಗ ಬರ್ರಿ, ಹೊಲಿಗಿ ಗುರುತು ತೋರಸತೀನಿ.”

ಯಾರೂ ಏಳಲಿಲ್ಲ. ನಾನು ಬಟ್ಟಲಿನಿಂದ ಒಂದು ತುತ್ತು ತೆಗೆದುಕೊಂಡೆ. ಅಗಿದೆ. ಇಡೀ ಪಂಕ್ತಿ ನಾನು ಅಗಿಯುವುದನ್ನು ನೋಡುತ್ತಿತ್ತು, ಅವಸರ ಮಾಡಲಿಲ್ಲ. ಎರಡು. ಮೂರು. ನಾಲ್ಕನೆಯ ತುತ್ತನ್ನು ಬಟ್ಟಲಿನಿಂದ ತೆಗೆದುಕೊಳ್ಳಲಿಲ್ಲ. ದೊಡ್ಡಮ್ಮ ಬಡಿಸಿದ ಹುಗ್ಗಿಗೆ ಬೆರಳು ಅದ್ದಿ, ಅದರ ಅಂಚಿನಿಂದ ತೆಗೆದುಕೊಂಡೆ. ಇದು ಅಕಸ್ಮಾತ್ತಾಗಿ ಆದದ್ದಲ್ಲ. ಈಗ ಆ ತಟ್ಟೆ ನನ್ನ ಎಂಜಲಾಗಿತ್ತು.

ಎದ್ದು, ತಟ್ಟೆಯನ್ನು ಎರಡೂ ಕೈಯಿಂದ ಹಿಡಿದು ದೊಡ್ಡಮ್ಮನ ಮುಂದೆ ಇಟ್ಟೆ.

“ಪ್ರಸಾದ ಬಿಡಬಾರದು ಅಂತ ನೀವ ಕಲಿಸೀರಿ. ನನ್ನ ಪಾಲು ಮುಗೀತು. ಇದು ಬಡಿಸಿದವರ ಪಾಲು.”

“ದಾಕ್ಷಿ!” ಎಂದಳು ಅವ್ವ.

ದೊಡ್ಡಮ್ಮ ತಟ್ಟೆಯನ್ನೂ ನನ್ನನ್ನೂ ನೋಡಿದರು. ಮನೆಯ ಹಿರಿಯ ಸೊಸೆ, ತನಗಿಂತ ಕಿರಿಯಳ, ಮೈದುನನ ಮಗಳ ಎಂಜಲು ಉಣ್ಣುವುದೆ? ಅವರು ಬೈಯುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಬೀಗತಿ ಬಾಯಿ ಹಾಕಿದರು.

“ಖರೇ ಐತಲ್ರಿ ಬಸಮ್ಮಾರ. ಹುಡುಗಿ ಮೂರ ಸಲ ಸಾಕು ಅಂತು, ನಾವೆಲ್ಲ ಕೇಳೀವಿ. ಸುರುವಿದವರು ನೀವು. ಈಗೇನು, ಪ್ರಸಾದ ತಿಪ್ಪಿಗೆ ಒಗೀತೀರೇನು?”

ದೊಡ್ಡಮ್ಮ ಕೂತರು. ಉಂಡರು. ನಾನು ಎದುರಿಗೇ ನಿಂತಿದ್ದೆ. ಎರಡು ಸೌಟು ಹುಗ್ಗಿ, ಅನ್ನ, ತುಪ್ಪ. ಒಂದು ಅಗುಳನ್ನೂ ಚೆಲ್ಲಲಿಲ್ಲ. ಕೊನೆಗೆ ನೀರು ಹಾಕಿದರು. ತಟ್ಟೆಯ ಅಂಚಿಗೆ ಹತ್ತಿದ್ದನ್ನು ಬೆರಳಿನಿಂದ ಬಿಡಿಸಿ, ಎತ್ತಿ ಕುಡಿದರು. ಅವರು ಆ ನಿಯಮವನ್ನು ನಿಜವಾಗಿ ನಂಬಿದ್ದರು ಎಂದು ನನಗೆ ಅಂದು ತಿಳಿಯಿತು. ಅದುವರೆಗೆ ಅದು ನಮ್ಮನ್ನು ಹಿಡಿದಿಡುವ ಉಪಾಯ ಎಂದುಕೊಂಡಿದ್ದೆ. ತಿಳಿದ ಮೇಲೂ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕೊನೆಯ ಗುಟುಕು ಅವರ ಗಂಟಲು ಇಳಿಯುವುದನ್ನು ನೋಡಿದೆ. ನನಗೆ ಸಂತೋಷವಾಯಿತು.

ಕುಬುಸದ ಮನೆಯಲ್ಲಿ ಹೀಗೆ ಮಾಡಬಾರದಿತ್ತು ಎಂದು ಆಮೇಲೆ ಬಹಳ ಜನ ಹೇಳಿದರು. ಇರಬಹುದು. ಆ ಮಾತು ಮಾತ್ರ ಅಂದೇ ಊರಿನಲ್ಲಿ ಸತ್ತಿತು. ದೊಡ್ಡಮ್ಮ ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ. ನಾನೂ ಆಡುವುದಿಲ್ಲ. ಅವರ ಪಂಕ್ತಿಯಲ್ಲಿ ಈಗ ಪ್ರತಿಯೊಬ್ಬರಿಗೂ ಎಷ್ಟು ಬೇಕು ಎಂದು ಕೇಳಿ ಬಡಿಸುತ್ತಾರಂತೆ.

ನಾವು ಅಂದು ಮಧ್ಯಾಹ್ನದ ಬಸ್ಸಿಗೇ ಹೊರಟೆವು. ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬುಕ್ಕಸಾಗರ ದಾಟಿತು, ಬಾಳೆತೋಟಗಳು ಬಂದವು, ಅವಳು ಈ ಕಡೆ ತಿರುಗಲಿಲ್ಲ. ಅವಳಿಗೆ ತುಂಬ ನೋವಾಗಿದೆ ಎಂದುಕೊಂಡೆ. ನೋವಾಗಿದ್ದರೂ ನಾನು ಕ್ಷಮೆ ಕೇಳುವವಳಿರಲಿಲ್ಲ. ಕಮಲಾಪುರದಲ್ಲಿ ಬಸ್ಸು ನಿಂತಾಗ ತಿರುಗಿದಳು.

“ಹೊಟ್ಟ್ಯಾಗ ಕುಂತೈತೇನು ಉಂಡಿದ್ದು?”

ಆಗಲೇ ನನಗೆ ಗಮನ ಬಂದದ್ದು. ಒತ್ತುತ್ತಿರಲಿಲ್ಲ, ನೊರೆ ಬಂದಿರಲಿಲ್ಲ. ಆ ಮನೆಯಲ್ಲಿ ಉಂಡ ನಾಲ್ಕು ತುತ್ತು ಇದ್ದಲ್ಲೇ ಇದ್ದವು.

“ಕುಂತೈತವ್ವ” ಎಂದೆ.

ಅವ್ವ ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಇಪ್ಪತ್ತೆಂಟು ವರ್ಷ ಆ ಸೌಟಿನ ಕೆಳಗೆ ತಟ್ಟೆ ತೊಳೆದು ಕುಡಿದಿದ್ದಳು. ಬಸ್ಸಿನಲ್ಲಿ ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ಹಿಂದೆ ಮುಂದೆ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಅವಳ ಭುಜ ಕುಲುಕುತ್ತಿದ್ದುದು ನಗುವಿನಿಂದ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

“ನನಗೂ ಕುಂತೈತಿ” ಎಂದಳು.